ನಡುಮನೆ ಟೈಮು, ಅಡುಗೆಮನೆ ಟೈಮು

ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಮನೆಯ ಕಂಪ್ಯೂಟರಿಗೆ 2009ರ ಜನವರಿ 1, ನಡುರಾತ್ರಿ. ಮಳೆಗಾಲದಲ್ಲಿ ಕರೆಂಟು ಹೇಗೆ ಬಂದುಹೋಗಿ ಮಾಡುತ್ತದೆಂದು ಬಲ್ಲವರಿಗೆ ನಾವು ಎಷ್ಟು ಹೊಸ ವರ್ಷ ಆಚರಿಸಿದೆವೆಂದು ಬೇರೆ ಹೇಳಬೇಕಾಗಿಲ್ಲ. ಮೊದಮೊದಲು ನನಗೆ ಇದರಲ್ಲಿ ಖುಷಿಯೇ ಇತ್ತು. 2009ರಲ್ಲಿ ನನ್ನ ತಲೆಯಲ್ಲಿ ಕೂದಲಿತ್ತು, ತಲೆಯ ಮೇಲೆ ಗೃಹಸಾಲ ಇರಲಿಲ್ಲ. ನಿನ್ನೆ ರಾತ್ರಿ ಬರೆದ ಲೇಖನ ಅಷ್ಟು ಹಿಂದಿನದೆಂದು ಫೋಲ್ಡರಿನಲ್ಲಿ ಕೂತಿದ್ದರೆ, "ನೋಡಿ, ಇದನ್ನು ನಾನು ಆಗಲೇ ಹೇಳಿದ್ದೆ" ಎಂದು ಯಾರಿಗಾದರೂ ತೋರಿಸಬಹುದಲ್ಲ!

ಎಡವಟ್ಟಾದದ್ದು ಬ್ಯಾಂಕಿನ ವೆಬ್‌ಸೈಟು ತೆರೆಯಲು ಹೋದಾಗ. ಸುರಕ್ಷಿತ ಸೈಟುಗಳಿಗೆಲ್ಲ ಒಂದು ಪ್ರಮಾಣಪತ್ರ ಇರುತ್ತದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಬರೆದಿರುತ್ತದೆ. 2009ರಲ್ಲಿ ಕೂತ ನಮ್ಮ ಯಂತ್ರಕ್ಕೆ ಅದು ಇನ್ನೂ ಹುಟ್ಟದವರು ಸಹಿ ಹಾಕಿದ ಕಾಗದವಾಗಿ ಕಂಡಿತು. ಕೆಂಪು ತ್ರಿಕೋನ ತೋರಿಸಿ, ಇಲ್ಲಿ ಯಾರೋ ನಿಮ್ಮ ಹಣ ಹೊಡೆಯಲು ಕಾದಿದ್ದಾರೆ ಎಂಬ ಧಾಟಿಯಲ್ಲಿ ಬೆದರಿಸಿ ಬಾಗಿಲು ಹಾಕಿಕೊಂಡಿತು. ಸರಿ, ಇಂಟರ್‌ನೆಟ್ಟಿನಿಂದಲೇ ಸಮಯ ತರಿಸಿಕೋ ಎಂದು ಗುಂಡಿ ಒತ್ತಿದೆ. ಸುರಕ್ಷತೆಯ ದೃಷ್ಟಿಯಿಂದ ಸಾಧ್ಯವಿಲ್ಲ, ನಿಮ್ಮ ತಾರೀಖು ತಾಳೆಯಾಗುತ್ತಿಲ್ಲ, ಮೊದಲು ತಾರೀಖು ಸರಿಮಾಡಿಕೊಂಡು ಆಮೇಲೆ ಬನ್ನಿ ಎಂದಿತು. ತಾರೀಖು ಸರಿಯಿದ್ದವನು ಅಲ್ಲಿಗೆ ಯಾಕೆ ಹೋಗುತ್ತಾನೆ? ಇದು ನಮ್ಮ ಯಂತ್ರವೊಂದರ ಹಟವಲ್ಲವಂತೆ. ಸಮಯ ಹೊಂದಿಸುವ ಹಳೆಯ ಹೆಸರಾಂತ ತಂತ್ರಾಂಶವೊಂದು, ವ್ಯತ್ಯಾಸ 1000 ಸೆಕೆಂಡು ದಾಟಿದರೆ ತಿದ್ದುವ ಗೋಜಿಗೇ ಹೋಗದೆ ಕೆಲಸ ಬಿಟ್ಟು ಎದ್ದುಬಿಡುತ್ತದೆ. ಸ್ವಲ್ಪ ತಪ್ಪಿದವನಿಗೆ ಸಹಾಯ ಉಂಟು, ಪೂರ್ತಿ ಕೆಟ್ಟವನಿಗೆ ಇಲ್ಲ.

ರೋಗದ ಮೂಲ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆ ಸೆಲ್ಲು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಭೂತಗನ್ನಡಿ ಹಿಡಿದು ಅದರ ಮೇಲಿನ "ಸಿಆರ್ 2032" ಓದಿ, "ಇನ್ನೂ 2032ರವರೆಗೆ ಬರುತ್ತಲ್ರೀ, ಸುಮ್ಮನೆ ಯಾಕೆ ಬದಲಾಯಿಸ್ತೀರಿ?" ಎಂದರು. ಇಪ್ಪತ್ತು ಮಿಲಿಮೀಟರು ಅಗಲ, ಮೂರು ಪಾಯಿಂಟ್ ಎರಡು ಮಿಲಿಮೀಟರು ದಪ್ಪ ಎನ್ನುವುದಷ್ಟೇ ಅದರ ಅರ್ಥ. ಮೇಷ್ಟ್ರಿಗೆ ಇದನ್ನು ಹೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇಲ್ಲ. ಅವರು ಮನೆಗೆ ಹೋಗುವವರೆಗೆ ಕಾದು ವಾಚ್ ರಿಪೇರಿ ಅಂಗಡಿಯಿಂದ ಹೊಸದು ತಂದು ಹಾಕಿದೆ. ಹಳೆಯದು ಸ್ಕ್ರೂಡ್ರೈವರ್ ತಾಗಿದ ಕೂಡಲೇ ಚಂಗನೆ ಹಾರಿ ಬೀರುವಿನ ಅಡಿ ಸೇರಿತು. ಈಗಲೂ ಅಲ್ಲೇ ಇದೆ.

ಅಷ್ಟರಲ್ಲಿ ಭಾವಮೈದುನನ ಮಗ ಬಂದು ಅದೇ ಯಂತ್ರಕ್ಕೆ ಲಿನಕ್ಸನ್ನೂ ಹಾಕಿ ಹೋದ. ಮರುದಿನ ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಬೋರ್ಡಿನ ಗಡಿಯಾರ ತೋರಿಸುವುದು ಊರಿನ ಸಮಯ ಎಂದು ವಿಂಡೋಸಿನ ನಂಬಿಕೆ, ಜಾಗತಿಕ ಸಮಯ ಎಂದು ಲಿನಕ್ಸಿನ ನಂಬಿಕೆ. ಭಾರತದಲ್ಲಿ ಕೂತವರು ಐದೂವರೆ ಎಂಬ ಅಂಕಿ ಕಂಡರೆ ಸೆಲ್ಲು ತರಲು ಓಡಬಾರದು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಓದುತ್ತ ಹೋದವನಿಗೆ ಸೆಲ್ಲು ಹೊಸದಾದರೂ ಗಡಿಯಾರ ಜಾರುವುದು ತಪ್ಪದು ಎಂದು ತಿಳಿಯಿತು. ಕಂಪ್ಯೂಟರಿನಲ್ಲೂ ನಮ್ಮ ಕೈಗಡಿಯಾರದಲ್ಲೂ ಇರುವುದು ಒಂದೇ ಜಾತಿಯ ಹರಳು. ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಬಹುದು, ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡು. 25 ಡಿಗ್ರಿಯ ಆಸುಪಾಸಿನಲ್ಲಿ ಅದಕ್ಕೆ ಸುಖ, ಸೆಕೆ ಹೆಚ್ಚಾದರೂ ನಿಧಾನ, ಚಳಿ ಹೆಚ್ಚಾದರೂ ನಿಧಾನ, ಅಪ್ಪಟ ಮೈಸೂರಿನವರ ಹಾಗೆ. ಇಂಥ ಹರಳುಗಳನ್ನು ದಾರಿಗೆ ತರಲೆಂದೇ ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಎನ್‌ಟಿಪಿ ಎಂಬ ಪದ್ಧತಿ ರೂಪಿಸಿದರು. ಅದರ ಚಮತ್ಕಾರ ಓದಿ ನಾನು ಮರುಳಾದೆ. ಒಂದು ಕಂಪ್ಯೂಟರು ಇನ್ನೊಂದನ್ನು ಟೈಮೆಷ್ಟು ಎಂದು ಕೇಳಿದರೆ ಉತ್ತರ ಬರುವಷ್ಟರಲ್ಲಿ ಅದು ಹಳಸಿರುತ್ತದೆ. ಹಾಗಾಗಿ ನಾಲ್ಕು ಸಮಯ ಗುರುತು ಹಾಕಿಕೊಳ್ಳುತ್ತಾರೆ: ನಾನು ಕೇಳಿದ್ದು, ನಿನಗೆ ಕೇಳಿಸಿದ್ದು, ನೀನು ಹೇಳಿದ್ದು, ನನಗೆ ಕೇಳಿಸಿದ್ದು. ಈ ನಾಲ್ಕಿದ್ದರೆ ದಾರಿಯಲ್ಲಿ ಕಳೆದ ಹೊತ್ತನ್ನು ಕಳೆದು ಹಾಕಬಹುದು.

ಇದನ್ನು ಓದಿದ ಮೇಲೆ ಸುಮ್ಮನಿರುವುದು ಹೇಗೆ? ನಡುಮನೆಯ ಗೋಡೆ ಗಡಿಯಾರವನ್ನು ಫೋನಿನ ಟೈಮಿನೊಂದಿಗೆ ತಾಳೆ ನೋಡಲು ಹೊರಟೆ. ಫೋನು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗಿತ್ತು. ಅದನ್ನು ನಡುಮನೆಗೆ ತಂದರೆ ಮುಗಿಯುತ್ತಿತ್ತು. ಆದರೆ ಅದರಲ್ಲಿ ವಿಜ್ಞಾನ ಎಲ್ಲಿದೆ? ಸ್ಟೂಲ್ ಹತ್ತಿ ಗೋಡೆ ಗಡಿಯಾರಕ್ಕೆ ಮುಖ ಕೊಟ್ಟು ನಿಂತೆ. ಪೆನ್ನು ಕಿವಿಯ ಮೇಲೆ, ಹಾಲಿನ ಲೆಕ್ಕದ ಚೀಟಿ ಕೈಯಲ್ಲಿ. ಒಲೆಯ ಮುಂದಿದ್ದವಳಿಗೆ, "ನಾನು ಕೂಗ್ತೀನಿ. ನಿನಗೆ ಕೇಳಿಸಿದ ಟೈಮು, ನೀನು ಬಾಯಿ ಬಿಟ್ಟ ಟೈಮು, ಎರಡೂ ಫೋನ್ ನೋಡಿ ಸೆಕೆಂಡ್ ಸಮೇತ ಹೇಳಬೇಕು" ಎಂದೆ.

"ನಿಮ್ಮ ಕೂಗು ಮದುವೆಯಾದಾಗಿನಿಂದ ಕೇಳಿಸ್ತಾನೇ ಇದೆ. ಯಾವ ಟೈಮು ಅಂತ ಹೇಳಲಿ?" ಎಂದಳು.

ಗೋಡೆ ಗಡಿಯಾರದಲ್ಲಿ 7 ಗಂಟೆ 10 ನಿಮಿಷ ಸರಿಯಾಗಿ ಆದಾಗ ಕೂಗಿದೆ. ಫೋನಿನ ಪ್ರಕಾರ ಅವಳಿಗೆ ಕೇಳಿಸಿದ್ದು 7:10:43ಕ್ಕೆ. ಆಗಲೇ ಹಾಲು ಉಕ್ಕಿತು. ಒಲೆ ಆರಿಸಿ, ಕಟ್ಟೆ ಒರೆಸಿ, ನನ್ನ ವಂಶಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿ ಅವಳು ಉತ್ತರ ಕೊಟ್ಟದ್ದು 7:11:20ಕ್ಕೆ. ನನಗೆ ಕೇಳಿಸಿದಾಗ ಗೋಡೆಯ ಮೇಲೆ 7:10:41. ಗಮನಿಸಿ, ಉತ್ತರ ಹೊರಟದ್ದಕ್ಕಿಂತ ಮೊದಲೇ ಬಂದು ತಲುಪಿದೆ! ಸ್ಟೂಲಿನ ಮೇಲೆಯೇ ಲೆಕ್ಕ ಹಾಕಿದೆ. ಒಟ್ಟು ಹಿಡಿದದ್ದು 41 ಸೆಕೆಂಡು, ಅದರಲ್ಲಿ ಹಾಲಿನ ಪಾಲು 37. ಉಳಿದ ನಾಲ್ಕರಲ್ಲಿ ಹೋಗಲು ಎರಡು, ಬರಲು ಎರಡು. ಶಬ್ದಕ್ಕೆ ನಡುಮನೆ ದಾಟಲು ಸೆಕೆಂಡಿನ ಚೂರು ಸಾಕು, ಮಿಕ್ಕದ್ದೆಲ್ಲ ಕಿವಿಯಿಂದ ಮನಸ್ಸಿಗೆ ಇಳಿಯುವ ಹೊತ್ತು. ಹಾಗಾದರೆ ಗೋಡೆ ಗಡಿಯಾರ ಕರಾರುವಾಕ್ಕಾಗಿ 41 ಸೆಕೆಂಡು ಹಿಂದೆ! ಸ್ಟೂಲಿನ ಮೇಲೆ ಒಂದು ಕುಣಿತ ಹಾಕುವುದಷ್ಟೇ ಬಾಕಿ.

ನನ್ನಾಕೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸೌಟು ಹಿಡಿದೇ ಬಂದು ಚೀಟಿ ನೋಡಿದಳು. "ಹೋಗೋದಕ್ಕೂ ಬರೋದಕ್ಕೂ ಸಮ ಹೊತ್ತು ಅಂತ ಯಾರು ಹೇಳಿದ್ದು?"

"ಹಾಗಂತ ಇಟ್ಟುಕೊಳ್ಳೋದು."

"ನಿಮ್ಮ ಮಾತು ನನಗೆ ತಕ್ಷಣ ಕೇಳಿಸುತ್ತೆ ರೀ. ನನ್ನ ಮಾತು ನಿಮಗೆ ಯಾವತ್ತು ತಕ್ಷಣ ಕೇಳಿಸಿದೆ?"

ಎನ್‌ಟಿಪಿಯ ದೊಡ್ಡ ದೌರ್ಬಲ್ಯ ಇದೇ. ಹೋಗುವ ದಾರಿ, ಬರುವ ದಾರಿ ಸಮವಲ್ಲದಿದ್ದರೆ ವ್ಯತ್ಯಾಸದ ಅರ್ಧದಷ್ಟು ತಪ್ಪು ಉತ್ತರದಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ, ಕೇಳಿದವನಿಗೆ ಗೊತ್ತೇ ಆಗುವುದಿಲ್ಲ. ತಜ್ಞರು ಪುಟಗಟ್ಟಲೆ ಬರೆದದ್ದನ್ನು ಇವಳು ಸೌಟು ಹಿಡಿದು ಹೇಳಿಬಿಟ್ಟಳು. "ಅಡುಗೆಮನೆ ಗಡಿಯಾರ ಮಾತ್ರ ಮುಟ್ಟಬೇಡಿ" ಎಂದೂ ಸೇರಿಸಿದಳು. ಅದು ಹತ್ತು ನಿಮಿಷ ಮುಂದಿದೆ. ಇದೆ ಎಂದು ಅವಳಿಗೂ ಗೊತ್ತು, ಮಗಳ ಸ್ಕೂಲ್ ವ್ಯಾನಿನವನಿಗೂ ಗೊತ್ತು. ಸದಾ ಹತ್ತೇ ನಿಮಿಷ ಮುಂದಿರುವ ಗಡಿಯಾರದಿಂದ ಯಾರಿಗೂ ಮೋಸವಿಲ್ಲ. ಇವತ್ತು ಆರು, ನಾಳೆ ಏಳು ಎಂದು ಯಾರಿಗೂ ಹೇಳದೆ ಜಾರುತ್ತದಲ್ಲ, ಅದು ಅಪಾಯ.

ಅಂಥದೊಂದನ್ನು ನಾನು ಹಿಂದೆ ಇದ್ದ ಕಚೇರಿಯಲ್ಲಿ ಕಂಡಿದ್ದೇನೆ. ಬಾಗಿಲ ಬಳಿಯ ಹೆಬ್ಬೆಟ್ಟಿನ ಯಂತ್ರ. ಇಂಟರ್‌ನೆಟ್ ಸಂಪರ್ಕ ಕೊಟ್ಟಿರಲಿಲ್ಲ, ಹಾಕಿದ ಮೇಲೆ ಯಾರೂ ಮುಟ್ಟಿರಲಿಲ್ಲ. ದಿನಕ್ಕೆ 1.7 ಸೆಕೆಂಡು ಎಂದರೆ ವರ್ಷಕ್ಕೆ ಹತ್ತು ನಿಮಿಷ. ಅದು ಮುಂದಕ್ಕೇ ಜಾರಿತ್ತು. ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಡಿತ. ಸಾಹೇಬರು ಯಾರೂ ಅದಕ್ಕೆ ಬೆರಳು ಒತ್ತುವವರಲ್ಲ. ಒತ್ತುತ್ತಿದ್ದವರು ಗುತ್ತಿಗೆಯ ಮೇಲೆ ಗುಡಿಸಿ ಒರೆಸುವ ಹೆಂಗಸರು. ಎರಡು ಬಸ್ಸು ಬದಲಿಸಿ, ಕಡೆಯ ಇಳಿಜಾರು ಓಡಿಕೊಂಡು ಬರುತ್ತಿದ್ದರು. ಒಬ್ಬಾಕೆ ತನ್ನ ಪುಟ್ಟ ಫೋನು ತೋರಿಸಿ, "ಇದರಲ್ಲಿ ಇನ್ನೂ ಟೈಮ್ ಆಗಿಲ್ಲ ಸಾರ್" ಎಂದರೆ ಸಿಕ್ಕ ಉತ್ತರ: "ಮಷೀನು ಸುಳ್ಳು ಹೇಳುತ್ತೇನಮ್ಮ?" ಹೇಳುತ್ತದೆ ಸ್ವಾಮಿ. ದಿನಕ್ಕೆ 1.7 ಸೆಕೆಂಡಿನಷ್ಟು, ರಜೆಯಿಲ್ಲದೆ ಹೇಳುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಾಳೆ ಕಚೇರಿಗೆ ಹೋದಾಗ ಹಾಜರಿ ಯಂತ್ರದ ಪಕ್ಕ ನಿಮ್ಮ ಫೋನು ಹಿಡಿದು ಎರಡೂ ಒಟ್ಟಿಗೆ ಕಾಣುವಂತೆ ಇನ್ನೊಬ್ಬರಿಂದ ಒಂದು ಫೋಟೋ ತೆಗೆಸಿ. ವ್ಯತ್ಯಾಸ ಕಂಡರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇಲ್ಲವೇ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ನಿರ್ದೇಶನ ಹೊರಡಿಸಿದೆ. ಅರ್ಜಿಯಲ್ಲಿ ಆ ತಾರೀಖನ್ನು ಮರೆಯದೆ ನಮೂದಿಸಿ.