ಇನ್ನೂ ಕಟ್ಟದ ಶಾಲೆಗೊಂದು ಅರ್ಜಿ

ಮುಖ್ಯೋಪಾಧ್ಯಾಯರು,
ಭಾಷಾ ತೊಂದರೆಯ ಮಕ್ಕಳ ವಿಶೇಷ ಶಾಲೆ (ಕಟ್ಟಬೇಕಾದದ್ದು),
ರಾಯದುರ್ಗ.

ಮಾನ್ಯರೇ,

ತಮ್ಮ ಶಾಲೆಗೆ ಕಟ್ಟಡವಿಲ್ಲ, ಬೋರ್ಡಿಲ್ಲ, ತಾವೂ ಇಲ್ಲ ಅನ್ನುವುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇರುವ ಕಚೇರಿಗಳಿಗೆಲ್ಲ ಬರೆದಾಯಿತು. ಉತ್ತರದ ವಿಷಯದಲ್ಲಿ ತಾವು ಅವರಿಗಿಂತ ಕಡೆಯೇನಲ್ಲ.

ಏಳು ವರ್ಷದ ಮಗನಿಗೆ ಸೀಟು ಬೇಕು. ಕಿವಿ ಚೆನ್ನಾಗಿದೆ, ಐಸ್‌ಕ್ರೀಮ್ ಗಾಡಿಯ ಗಂಟೆ ಬೀದಿಯಲ್ಲಿ ಮೊದಲು ಕೇಳುವುದೇ ಅವನಿಗೆ. ಕೆಟ್ಟ ಟಾರ್ಚು ಬಿಚ್ಚಿ ಜೋಡಿಸುತ್ತಾನೆ. ಮಾತು ಮಾತ್ರ ಕೂಡಿಬರುವುದಿಲ್ಲ. "ಅಕ್ಕ ಬಂದ" ಅನ್ನುತ್ತಾನೆ. ಅಜ್ಜಿಯೂ ಬಂದ, ಬಸ್ಸೂ ಬಂದ. ತೆಲುಗು ಸ್ಕೂಲಿನ ಮೇಷ್ಟ್ರು "ಮನೇಲಿ ಕನ್ನಡ ಬಿಡಿ, ಸರಿಹೋಗ್ತಾನೆ" ಎಂದರು. ಬಳ್ಳಾರಿಯ ನೆಂಟರು "ತೆಲುಗು ಸ್ಕೂಲು ಬಿಡಿಸಿ" ಎಂದರು. ಇಬ್ಬರ ಮಾತೂ ಕೇಳಿದ್ದರೆ ಹುಡುಗನಿಗೆ ಮೌನವ್ರತವೇ ಗತಿ. ಅವನಂತೂ ಪಕ್ಷಪಾತಿಯಲ್ಲ, ತೆಲುಗಿನಲ್ಲೂ "ಅಕ್ಕ ವಚ್ಚಾಡು" ಎಂದೇ ಎಡವುತ್ತಾನೆ. ಗುರುತೇ ಅದು: ತೊಂದರೆ ನಿಜವಾಗಿದ್ದರೆ ಆಡುವ ಎಲ್ಲ ಭಾಷೆಯಲ್ಲೂ ಕಾಣಿಸುತ್ತದೆ. ಎರಡು ಭಾಷೆ ಕಲಿತದ್ದರಿಂದ ಅದು ಬರುವುದಿಲ್ಲ.

ಅಜ್ಜಿ ನಾಲಿಗೆಗೆ ಬಜೆ ತಿಕ್ಕಿ, "ಇವರಪ್ಪಾನೂ ತಡವಾಗೇ ಮಾತಾಡಿದ್ದು" ಎಂದು ನನ್ನನ್ನೇ ಸಾಕ್ಷಿಗೆ ನಿಲ್ಲಿಸಿದ್ದಾರೆ. (ಈ ತೊಂದರೆ ಮನೆತನದಲ್ಲಿ ಇಳಿದು ಬರುವುದುಂಟು, ಅಜ್ಜಿಯ ಸಾಕ್ಷಿ ಅವರೆಣಿಸಿದ್ದಕ್ಕಿಂತ ಗಟ್ಟಿ.)

ಇನ್ನು ವಿಳಾಸ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ಆಂಧ್ರದ ಅನಂತಪುರ. ಮಗುವಿನ ತಾಯಿಯ ತವರು ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಯವರು ಕೂತಲ್ಲೇ ಇದ್ದೇವೆ, ಜಿಲ್ಲೆಗಳೇ ಎದ್ದು ಓಡಾಡುತ್ತವೆ. ಸ್ಥಳೀಯರೆಂದು ಯಾವ ಕಡೆ ಬರೆಯಲಿ?

ವೈಕಲ್ಯಕ್ಕೆ ಕೊಡುವ ಸದರಂ ಸರ್ಟಿಫಿಕೇಟ್ ಲಗತ್ತಿಸಿಲ್ಲ, ಮನ್ನಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ 'ವಾಕ್ ಮತ್ತು ಭಾಷಾ ವೈಕಲ್ಯ'ವೂ ಇದೆ. ಅಲ್ಲಿ ಕೊಟ್ಟ ಉದಾಹರಣೆ ಎರಡು: ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರು. ನನ್ನ ಮಗ ಇವೆರಡರಲ್ಲಿ ಒಂದನ್ನೂ ಮಾಡಿಕೊಂಡಿಲ್ಲ. ಮಾಡಿಕೊಂಡಿದ್ದರೂ ವೈಕಲ್ಯ ಶೇಕಡ 40 ಮುಟ್ಟಬೇಕು. ಅಕ್ಕ 'ಬಂದ'ದ್ದಕ್ಕೆ ಎಷ್ಟು ಶೇಕಡ ಹಾಕುತ್ತಾರೋ! ಇಂಥ ಮಕ್ಕಳೇನೂ ಅಪರೂಪವಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳನ್ನು ಪರೀಕ್ಷಿಸಿ 2016ರಲ್ಲಿ ಲೆಕ್ಕ ಕೊಟ್ಟರು: 30 ಮಕ್ಕಳ ತರಗತಿಗೆ ಸುಮಾರು ಇಬ್ಬರು ಇಂಥವರು. ನಮ್ಮಲ್ಲಿ ಆ ಇಬ್ಬರನ್ನು ಕೊನೇ ಬೆಂಚಿಗೆ ಕಳಿಸಿ 'ದಡ್ಡ' ಎಂದು ಹಾಜರಿ ಹಾಕುತ್ತೇವೆ, ಖರ್ಚಿಲ್ಲ.

"ಮೈಸೂರಿಗೆ ಹೋಗಿ" ಅನ್ನುತ್ತೀರಿ. ಬಲ್ಲೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಕನ್ನಡದ ಮಕ್ಕಳ ಭಾಷೆ ಅಳೆಯುವ ಪರೀಕ್ಷೆಯನ್ನು ವಾಕ್ ಭಾಷಾ ತಜ್ಞೆ ಪ್ರತಿಭಾ ಕಾರಂತರು ಮಾಡಿಟ್ಟು ದಶಕಗಳಾದವು. ಅಲ್ಲಿನ ಶಾಲಾಪೂರ್ವ ತರಗತಿಯಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಒಳ್ಳೆಯ ಪದ್ಧತಿ. ನನ್ನ ಹೆಂಡತಿ ಹೊಲಿಯುವುದು ಜೀನ್ಸ್ ಪ್ಯಾಂಟು, ಕೂಲಿ ಪ್ಯಾಂಟಿನ ಲೆಕ್ಕಕ್ಕೆ. ಅವಳು ಮೈಸೂರಲ್ಲಿ ಕೂತರೆ ರಾಯದುರ್ಗದ ಒಲೆಗೆ ರಜೆ.

ಆದ್ದರಿಂದ ಶಾಲೆ ಏಳುವುದು ತಡವಾಗುವುದಾದರೆ, ಕನ್ನಡ ತೆಲುಗು ಎರಡೂ ಬಲ್ಲ ಒಬ್ಬ ವಾಕ್ ಚಿಕಿತ್ಸಕರನ್ನು ವಾರಕ್ಕೊಂದು ದಿನ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಇಲ್ಲಿನ ಭವಿತಾ ಕೇಂದ್ರಕ್ಕೆ ಕಳಿಸಿ. ಕುರ್ಚಿ ಇಲ್ಲವೆನ್ನಬೇಡಿ, ಕುರ್ಚಿ ನಾವು ತರುತ್ತೇವೆ.

ಇಂತಿ,
ಒಬ್ಬ ತಂದೆ

ಲಗತ್ತು: ಫೋಟೋ ಎರಡು, ಆಧಾರ್ ನಕಲು, ಎರಡು ರಾಜ್ಯದವರು ಕೊಟ್ಟ ಸಲಹೆಗಳು (ಬಳಸಿಲ್ಲ).