ಮೈನಸ್ ಎರಡು ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೈನಸ್ ಎರಡು ಅವರೇ,

ಡೆಫಿನಿಟ್ ಇಂಟಿಗ್ರಲ್ ಪಾಠದಲ್ಲಿ ತಮ್ಮಷ್ಟು ಚುರುಕಾಗಿ ಹಾಜರಾಗುವ ಉತ್ತರ ಇನ್ನೊಂದಿಲ್ಲ. ‘ಒನ್ ಬೈ ಎಕ್ಸ್ ಸ್ಕ್ವೇರ್’ ಅನ್ನು ಮೈನಸ್ ಒಂದರಿಂದ ಒಂದರವರೆಗೆ ಇಂಟಿಗ್ರೇಟ್ ಮಾಡಿ ಎಂದರೆ ಸಾಕು. ಇಂಟಿಗ್ರೇಟ್ ಮಾಡಿದರೆ ‘ಮೈನಸ್ ಒನ್ ಬೈ ಎಕ್ಸ್’; ಮೇಲಿನ ಲಿಮಿಟ್ ಹಾಕಿದರೆ ಮೈನಸ್ ಒಂದು, ಕೆಳಗಿನದು ಹಾಕಿದರೆ ಒಂದು, ಕಳೆದರೆ ತಾವು. ಪ್ಲಸ್ ಸಿ ಬರೆಯುವ ತಾಪತ್ರಯವೂ ಇಲ್ಲ. ಉತ್ತರವೆಂದರೆ ಹೀಗಿರಬೇಕು: ಭಿನ್ನರಾಶಿಯಿಲ್ಲ, ಪೈ ಇಲ್ಲ, ಸುತ್ತ ಚೌಕ ಎಳೆದರೆ ಒಪ್ಪುವಂಥ ರೂಪ.

ಆದರೆ ಕೆಲವು ಕಿಡಿಗೇಡಿಗಳು ಗ್ರಾಫ್ ಬರೆದು ನೋಡುತ್ತಾರೆ. ವರ್ಗ ಮಾಡಿದ ಮೇಲೆ ಮೈನಸ್ ಎಲ್ಲಿಂದ ಬಂತು ಎಂಬುದು ಅವರ ತಕರಾರು. ರೇಖೆ ಎಕ್ಸ್ ಅಕ್ಷದ ಕೆಳಗಿಳಿದಿದ್ದರೆ ತಮ್ಮ ಬಗ್ಗೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಇಲ್ಲಿ ಅದರ ಅತಿ ಕಡಿಮೆ ಎತ್ತರವೇ 1, ಅದೂ ಎರಡು ತುದಿಗಳಲ್ಲಿ ಮಾತ್ರ. ಎರಡು ಅಗಲ, ಒಂದು ಎತ್ತರದ ಆಯತವೊಂದು ಅದರಡಿ ಆರಾಮವಾಗಿ ಕೂರುತ್ತದೆ. ಅಲ್ಲಿಗೇ ವಿಸ್ತೀರ್ಣ ಎರಡು ದಾಟಿತು. ತಾವು ಮಾತ್ರ ಸೊನ್ನೆಯ ಆಚೆ ಬದಿಯಲ್ಲಿದ್ದೀರಿ. ಪಹಣಿಯಲ್ಲಿ ಮೈನಸ್ ಎರಡು ಗುಂಟೆ ಎಂದು ಬಂದರೆ ರೈತ ಅಂದೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ನಮ್ಮ ಹುಡುಗರು ಸಂಭಾವಿತರು, ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ಗಲಾಟೆಯೆಲ್ಲ ನಡುವಿನದು. ಎಕ್ಸ್ 0.1 ಆದಾಗ ಎತ್ತರ 100, 0.01 ಆದಾಗ 10,000. ಸೊನ್ನೆಯಲ್ಲಂತೂ ಬೆಲೆಯೇ ಇಲ್ಲ. 0.1ರಿಂದ 1ರವರೆಗೆ ಅಳೆದರೆ ವಿಸ್ತೀರ್ಣ 9, 0.01ರಿಂದಾದರೆ 99, 0.001ರಿಂದಾದರೆ 999. ಹೀಗೆ ಬೆಳೆಯುತ್ತಲೇ ಹೋಗುವುದಕ್ಕೆ ಉತ್ತರವೆಂದು ಒಂದು ಸಂಖ್ಯೆ ಬರೆಯುವಂತಿಲ್ಲ.

ಎರಡು ತುದಿ ನೋಡಿ ನಡುವಿನದ್ದನ್ನೆಲ್ಲ ಹೇಳಿಬಿಡುವುದೇ ನ್ಯೂಟನ್, ಲೈಬ್ನಿಟ್ಸ್ ಹೆಸರಿನ ಪ್ರಮೇಯದ ಹಿರಿಮೆ. ನಡುವೆ ಫಂಕ್ಷನ್ ಎಲ್ಲೂ ಕಡಿಯದೆ ಕಂಟಿನ್ಯುಯಸ್ ಆಗಿರಬೇಕೆಂಬ ಷರತ್ತು ದ್ವಿತೀಯ ಪಿಯುಸಿ ಪುಸ್ತಕದಲ್ಲೇ ಇದೆ. ಆದರೆ ಬಾಯಿಪಾಠ ಆಗುವುದು ಸೂತ್ರ; ಷರತ್ತಿಗೆ ಯಾರೂ ಅಂಕ ಕೊಡುವುದಿಲ್ಲವಲ್ಲ.

ತಮಗೆ ಸದ್ಯಕ್ಕೆ ಭಯವಿಲ್ಲ. ಲಿಮಿಟ್ ಹಾಕುವ ಮೊದಲು ಛೇದ ಎಲ್ಲಿ ಸೊನ್ನೆಯಾಗುತ್ತದೆ ಎಂದು ನೋಡುವ ಚಟ ಹುಡುಗರಿಗೆ ಅಂಟದಿದ್ದರಾಯಿತು. ಅಂಟಿದರೆ ತಮ್ಮ ಸೋದರ ಸೊನ್ನೆಯವರಿಗೂ ಕಷ್ಟ: ಅದೇ ಲಿಮಿಟ್‌ಗಳಲ್ಲಿ ‘ಒನ್ ಬೈ ಎಕ್ಸ್’ಗೆ ಉತ್ತರವಾಗಿ ನಿಲ್ಲುವ ಅವರು ತಮಗಿಂತ ಸಾಧು, ಯಾರಿಗೂ ಅನುಮಾನವೇ ಬರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಗಣಿತದ ಮೇಷ್ಟ್ರೊಬ್ಬ