ಬಾತ್‌ಟಬ್ಬಿಗೆ ಬಿರಡೆ: ಆಯ್ಕೆ ಮತ್ತು ಅಳವಡಿಕೆಯ ಕೈಪಿಡಿ



ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾತ್‌ಟಬ್ ಹಾಕಿಸುತ್ತಿರುವುದಕ್ಕೆ ಅಭಿನಂದನೆಗಳು. ತುಂಬಿಸುವುದು ಹೇಗೆಂದು ನಿಮಗೆ ಗೊತ್ತಿದೆ. ಖಾಲಿ ಮಾಡುವ ವಿಧಾನಕ್ಕಾಗಿ ಈ ಕೈಪಿಡಿ. ಕೆಲಸ ಶುರುವಾಗುವ ಮೊದಲೇ ಓದಿ. ಕೆಲಸ ಮುಗಿದ ಮೇಲೆ ಓದಿದರೆ ರಕ್ತದೊತ್ತಡ ಏರುವ ಸಂಭವವಿದೆ.

ಪೆಟ್ಟಿಗೆಯಲ್ಲಿ ಇರಬೇಕಾದದ್ದು: ವೇಸ್ಟ್ ಕಪ್ಲಿಂಗ್, ಓವರ್‌ಫ್ಲೋ ಕೊಳವೆ, ನಟ್ಟು, ರಬ್ಬರ್ ವಾಷರುಗಳು, ಬಿರಡೆ.
ಇರುವುದು: ಮೇಲಿನವುಗಳಲ್ಲಿ ಒಂದು ವಾಷರ್ ಕಡಿಮೆ, ಜೊತೆಗೆ ಕನ್ನಡವೊಂದನ್ನು ಬಿಟ್ಟು ಏಳು ಭಾಷೆಗಳಲ್ಲಿ ಎಚ್ಚರಿಕೆ.

ಹಂತ 1: ಅಳತೆ. ಟಬ್ಬಿನ ಕೊಳವೆ ಸಾಮಾನ್ಯವಾಗಿ 40 ಮಿ.ಮೀ., ವಾಷ್‌ಬೇಸಿನ್ನಿನದು 32. ಅಂಗಡಿಯಲ್ಲಿ ಎರಡು ಬೆರಳು ಅಗಲಿಸಿ "ಇಷ್ಟು ದಪ್ಪ" ಎಂದು ತೋರಿಸಬೇಡಿ. ಮನೆಯಿಂದ ಅಂಗಡಿ ಸೇರುವಷ್ಟರಲ್ಲಿ ಆ ಬೆರಳುಗಳ ನಡುವಿನ ಜಾಗ ಕಾಲಿಂಚು ಬೆಳೆದಿರುತ್ತದೆ. ಅಂಗಡಿಯವನು "ಹಾಫ್ ಥ್ರೆಡ್ಡಾ, ಫುಲ್ ಥ್ರೆಡ್ಡಾ?" ಎಂದರೆ ಬೆದರಬೇಡಿ. ಅದು ಬೇಸಿನ್ನಿಗೆ ಸಂಬಂಧಿಸಿದ ಪ್ರಶ್ನೆ: ಓವರ್‌ಫ್ಲೋ ತೂತಿದ್ದರೆ ಹಾಫ್, ಇಲ್ಲದಿದ್ದರೆ ಫುಲ್. ಟಬ್ಬಿಗೆ ಓವರ್‌ಫ್ಲೋ ಕೊಳವೆ ಸಮೇತ ಸೆಟ್ಟನ್ನೇ ಕೇಳಿ.

ಹಂತ 2: ಲೋಹ. ಹಿತ್ತಾಳೆಗೆ ಕ್ರೋಮ್ ಹೊದಿಸಿದ್ದು ಒಂದು, ಪ್ಲಾಸ್ಟಿಕ್ಕಿಗೆ ಹೊದಿಸಿದ್ದು ಇನ್ನೊಂದು. ಹೊಳಪಿನಲ್ಲಿ ಅಣ್ಣ ತಮ್ಮ ಗೊತ್ತಾಗುವುದಿಲ್ಲ. ಕೈಯಲ್ಲಿ ತೂಗಿ ನೋಡಿ. ಹಗುರಾಗಿರುವುದನ್ನು "ಇಂಪೋರ್ಟೆಡ್ ಸಾರ್" ಎನ್ನುತ್ತಾರೆ. ಬೋರ್‌ವೆಲ್ ನೀರಿನ ಸುಣ್ಣ ಮಾತ್ರ ಎರಡರ ಮೇಲೂ ಸಮಾನ ಭಾವದಿಂದ ಬಿಳಿ ಕಟ್ಟುತ್ತದೆ.

ಹಂತ 3: ಬಿರಡೆ. ಮೂರು ಬಗೆ.
ಅ) ಸರಪಳಿಯ ರಬ್ಬರ್ ಬಿರಡೆ. ಕೆಡಲು ಇದರಲ್ಲಿ ಭಾಗಗಳೇ ಇಲ್ಲ. ಆದ್ದರಿಂದ ಯಾರೂ ಶಿಫಾರಸು ಮಾಡುವುದಿಲ್ಲ.
ಆ) ಒತ್ತಿದರೆ ಮುಚ್ಚಿ, ಮತ್ತೆ ಒತ್ತಿದರೆ ತೆರೆಯುವ ಸ್ಪ್ರಿಂಗ್ ಬಿರಡೆ. ಸ್ನಾನದ ನಡುವೆ ಹಿಮ್ಮಡಿ ತಗುಲಿದರೂ ಅದು ಆದೇಶವೆಂದೇ ಭಾವಿಸುತ್ತದೆ.
ಇ) ಓವರ್‌ಫ್ಲೋ ಗುಂಡಿ ತಿರುಗಿಸಿದರೆ ಕೇಬಲ್ ಎಳೆದು ಏಳುವ ಬಿರಡೆ. ಕೇಬಲ್ ಟಬ್ಬಿನ ಹಿಂದೆ ಇರುತ್ತದೆ. ಅಲ್ಲಿಗೆ ಕೈ ಹಾಕಲು ಚಿಕ್ಕ ಬಾಗಿಲು ಬಿಡಿಸದಿದ್ದರೆ ರಿಪೇರಿಗೆ ಸುತ್ತಿಗೆ ಬೇಕು, ಆಮೇಲೆ ಅದೇ ಬಣ್ಣದ ಟೈಲ್ಸ್ ಬೇಕು. ಆ ಬಣ್ಣ ಈಗ ಬರುತ್ತಿಲ್ಲ.

ಹಂತ 4: ಕಾಣದ ಭಾಗ. ಕೆಳಗಿನ ಕೊಳವೆ ಬಾಗಿ ಮೇಲೆದ್ದಿರಬೇಕು. ಆ ಬಾಗಿನಲ್ಲಿ ಸುಮಾರು 50 ಮಿ.ಮೀ. ನೀರು ಸದಾ ನಿಂತಿದ್ದು ಮೋರಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ಇದೇ ಟ್ರ್ಯಾಪ್. 1775ರಲ್ಲಿ ಲಂಡನ್ನಿನಲ್ಲಿ ಕಕ್ಕಸಿಗೆ ಇಂಥ ಬಾಗುಕೊಳವೆ ಜೋಡಿಸಿ ಪೇಟೆಂಟ್ ಪಡೆದವನು ಅಲೆಗ್ಸಾಂಡರ್ ಕಮಿಂಗ್, ಕಸುಬಿನಲ್ಲಿ ಗಡಿಯಾರ ಮಾಡುವವನು. ಇಷ್ಟು ಹಳೆಯ ಈ ಭಾಗಕ್ಕೆ ಅಂಗಡಿಯ ಗಾಜಿನ ಬೀರುವಿನಲ್ಲಿ ಜಾಗವಿಲ್ಲ. ಗ್ರಾಹಕರು ಮುಚ್ಚಳ ಆರಿಸಲು ಒಂದು ಭಾನುವಾರ ಕಳೆದು, ಟ್ರ್ಯಾಪನ್ನು "ನೀವೇ ನೋಡಿ ಹಾಕಿ" ಎಂದು ಪ್ಲಂಬರಿಗೆ ಬಿಡುತ್ತಾರೆ. ಅವನು ಭದ್ರತೆಗೆಂದು ಎರಡು ಹಾಕುತ್ತಾನೆ. ಆಗ ಎರಡರ ನಡುವೆ ಗಾಳಿ ಸಿಕ್ಕಿಕೊಂಡು ನೀರು ಸರ್ಕಾರಿ ಕಡತದಂತೆ ಇಳಿಯುತ್ತದೆ. ಒಂದು ಸಾಕು. ಟಬ್ ಬಳಸದೆ ವಾರಗಟ್ಟಲೆ ಬಿಟ್ಟರೆ ಟ್ರ್ಯಾಪಿನ ನೀರೂ ಆರಿಹೋಗುತ್ತದೆ. ಆಗಾಗ ಒಂದು ಮಗ್ ನೀರು ಹುಯ್ಯಿರಿ.

ಹಂತ 5: ಪರೀಕ್ಷೆ. ಟೈಲ್ಸ್ ಮುಚ್ಚುವ ಮೊದಲು ಟಬ್ಬನ್ನು ಓವರ್‌ಫ್ಲೋ ತನಕ ತುಂಬಿ, ಖಾಲಿ ಮಾಡಿ, ಜೋಡಣೆಗಳ ಮೇಲೆ ಒಣ ಟಿಶ್ಯೂ ಒತ್ತಿ ನೋಡಿ. ಪ್ಲಂಬರ್ "ಏನೂ ಆಗಲ್ಲ ಸಾರ್, ನಾನಿದೀನಲ್ಲ" ಎನ್ನುತ್ತಾನೆ. ಈ ಮಾತಿಗೂ ಅವನ ಮೊಬೈಲ್ ಸ್ವಿಚ್ ಆಫ್ ಆಗುವುದಕ್ಕೂ ನಡುವಿನ ಕಾಲವೇ ವಾರಂಟಿ. ಪರೀಕ್ಷೆ ಬಿಟ್ಟರೆ, ಅದನ್ನು ಕೆಳಗಿನ ಮನೆಯವರು ತಮ್ಮ ಸೂರಿನ ಮೂಲಕ ಉಚಿತವಾಗಿ ನಡೆಸಿಕೊಡುತ್ತಾರೆ.

ದೋಷ ಮತ್ತು ಪರಿಹಾರ
ನೀರು ಇಳಿಯುತ್ತಿಲ್ಲ: ಕೂದಲು. ತೆಗೆಯಿರಿ. ಯಾರದೆಂದು ವಿಚಾರಣೆ ಮಾಡಬೇಡಿ.
ನೀರು ನಿಲ್ಲುತ್ತಿಲ್ಲ: ಮೇಲೆ ಹೇಳಿದ, ಪೆಟ್ಟಿಗೆಯಲ್ಲಿಲ್ಲದ ವಾಷರ್.
ಗುಳುಗುಳು ಸದ್ದು: ವೆಂಟ್ ಪೈಪಿಲ್ಲ, ಅಥವಾ ಕಟ್ಟಿದೆ.
ನೀರೇ ಬರುತ್ತಿಲ್ಲ: ಇದು ಬಿರಡೆಯ ದೋಷವಲ್ಲ. ಟಬ್ ತುಂಬಲು ಸುಮಾರು 150 ಲೀಟರ್ ಬೇಕು. ನಗರ ನೀರು ಪೂರೈಕೆಯ ಲೆಕ್ಕದಲ್ಲಿ ಒಬ್ಬರ ಇಡೀ ದಿನದ ಪಾಲು 135. ಒಂದು ಸ್ನಾನ ಮಾಡಿದವರು ಆ ದಿನ ಅನ್ನ ಮಾಡುವಂತಿಲ್ಲ.

ತಿದ್ದುಪಡಿ: ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಟಬ್ ತುಂಬಿಸಿಟ್ಟುಕೊಂಡು ವಾರವಿಡೀ ಬಳಸುವ ಮನೆಗಳು ಹೆಚ್ಚುತ್ತಿರುವುದರಿಂದ, ಹಂತ 3 (ಅ)ದಲ್ಲಿ "ಯಾರೂ ಶಿಫಾರಸು ಮಾಡುವುದಿಲ್ಲ" ಎಂಬುದನ್ನು ಹೊಡೆದುಹಾಕಿ, "ನಾವು ಶಿಫಾರಸು ಮಾಡುತ್ತೇವೆ" ಎಂದು ಓದಿಕೊಳ್ಳತಕ್ಕದ್ದು.